ಕಾಡಿನ ಹಾಡು, ಚರ್ಚಿನ ಆರ್ಗನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಕೊಡುತ್ತಾ, ಕೊನೆಯಲ್ಲಿ ನಾರ್ವೆಯ ಗಾಯಕಿ ಮತ್ತು ಸಂಯೋಜಕಿ ಸಿನಿಕ್ಕಾ ಲಾಂಗೆಲಾಂಡ್ ಅವರ ಹೆಸರು ಸುಮ್ನೆ ಹೇಳಿ ಮುಗಿಸಿದ್ದೆ. ಕಾಂಟೆಲೆ ಎಂಬ ತಂತಿವಾದ್ಯ ನುಡಿಸುತ್ತಾ ಅಲ್ಲಿನ ಹಳ್ಳಿ ಹಾಡನ್ನು ಜರ್ಮನಿಯ ಶಾಸ್ತ್ರೀಯ ಸಂಯೋಜಕ ಬಾಖ್ ಪಕ್ಕದಲ್ಲಿ ಕೂರಿಸಿದವರು ಅಂತ ಒಂದೇ ಸಾಲು. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅವರಿಗೆ, ಅವರ ಊರಿಗೆ, ಅಲ್ಲಿನ ಹಾಡಿಗೆ ಮೀಸಲು. ಸಿನಿಮಾ ಹಾಡುಗಳ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆ ತನಕ ತಾಳಿಕೊಳ್ಳಿ.

ಪ್ರಶ್ನೆ: ಯಾರು ಸಾರ್ ಇವರು? ಸಿನಿಕ್ಕಾ ಅನ್ನೋದು ನಾರ್ವೆ ಹೆಸರಿನ ಥರ ಕೇಳಿಸುವುದಿಲ್ಲವಲ್ಲ. (ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಕಿವಿ ಚುರುಕಾಗಿದೆ. ಅದು ಫಿನ್ಲೆಂಡ್ ಕಡೆಯ ಹೆಸರು. ತಾಯಿ ಫಿನ್ಲೆಂಡಿನ ಕರೇಲಿಯಾ ಸೀಮೆಯವರು, ತಂದೆ ನಾರ್ವೆಯವರು. ಹುಟ್ಟಿದ್ದು 1961ರಲ್ಲಿ, ನಾರ್ವೆಯ ಪೂರ್ವದಂಚಿನ ಗ್ರೂಎ ಎಂಬಲ್ಲಿನ ಶಿರ್ಕೆನೇರ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಂದ ಪೂರ್ವಕ್ಕೆ ಹೋದರೆ ಸ್ವೀಡನ್ ಗಡಿ ತನಕ ಬರೀ ಕಾಡು. ಆ ಕಾಡಿಗೆ ಫಿನ್‌ಸ್ಕೂಗೆನ್ ಅನ್ನುತ್ತಾರೆ, ಫಿನ್ನರ ಕಾಡು.

ನಾರ್ವೆಯಲ್ಲಿ ಫಿನ್ನರ ಕಾಡು ಎಲ್ಲಿಂದ ಬಂತು ಅಂತ ಕೇಳ್ತೀರಿ. ಸುಮಾರು 400 ವರ್ಷದ ಹಿಂದೆ ಫಿನ್ಲೆಂಡಿನ ಸಾವೋ ಸೀಮೆಯ ರೈತರು ಗುಳೆ ಎದ್ದು ಸ್ವೀಡನ್ನಿಗೆ ಬಂದರು, ಆಮೇಲೆ ಅವರಲ್ಲಿ ಕೆಲವರು ಗಡಿ ದಾಟಿ ನಾರ್ವೆಗೂ ಬಂದರು. ಅವರದು ನಮ್ಮ ಮಲೆನಾಡಿನವರಿಗೆ ಗೊತ್ತಿರುವ ಕುಮರಿ ಬೇಸಾಯ. ದೇವದಾರು ಜಾತಿಯ ಮರಗಳನ್ನು ಕಡಿದು, ಒಣಗಿಸಿ, ಬೆಂಕಿ ಕೊಟ್ಟು, ಬೂದಿ ಇನ್ನೂ ಬೆಚ್ಚಗಿರುವಾಗಲೇ ರೈ ಎಂಬ ಗೋಧಿ ಜಾತಿಯ ಕಾಳು ಬಿತ್ತುವುದು. ಒಂದೆರಡು ಬೆಳೆ ತೆಗೆದ ಮೇಲೆ ಮಣ್ಣು ಸೋಲುತ್ತದೆ, ಮುಂದಿನ ಜಾಗಕ್ಕೆ ಹೊರಡುವುದು. ಚಿಮಣಿ ಇಲ್ಲದ ಮನೆಗಳು, ಹೊಗೆಯೆಲ್ಲ ಒಳಗೇ ಸುತ್ತಾಡಿ ಮಾಡಿನ ಕಿಂಡಿಯಿಂದ ಹೊರಗೆ ಹೋಗಬೇಕು. ಇವರ ಮಂತ್ರಕ್ಕೆ ಅಕ್ಕಪಕ್ಕದ ನಾರ್ವೆಯವರು ಹೆದರುತ್ತಿದ್ದರು. ಹೆದರುತ್ತಲೇ ಕಾಯಿಲೆ ಬಿದ್ದಾಗ ಮದ್ದಿಗೆ ಅಂತ ಅವರ ಮನೆಗೇ ಹೋಗುತ್ತಿದ್ದರು. ಇವತ್ತು ಅರಣ್ಯ ಫಿನ್ನರು ನಾರ್ವೆಯ ಅಧಿಕೃತ ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಒಂದು. ಆ ಕಾಡಿನಲ್ಲಿ ಅವರ ಭಾಷೆ ಮಾತಾಡುವವರು ಮಾತ್ರ ಉಳಿದಿಲ್ಲ.

ಉಳಿದಿರುವುದು ಹಾಡು ಮತ್ತು ಮಂತ್ರ. ಕರಡಿಯ ಹುಟ್ಟಿನ ಕಥೆ ಹೇಳುವ ಹಾಡು, ಸುರಿಯುವ ರಕ್ತ ನಿಲ್ಲಿಸುವ ಹಾಡು, ಇಂಥವು. ಇವಕ್ಕೆ ರೂನ್ ಹಾಡು ಅನ್ನುತ್ತಾರೆ. ಸಾಲಿಗೆ ಸಾಮಾನ್ಯವಾಗಿ ಎಂಟು ಅಕ್ಷರ, ಅಂತ್ಯಪ್ರಾಸ ಇಲ್ಲ, ಪದಗಳ ಮೊದಲಕ್ಷರ ಒಂದಕ್ಕೊಂದು ತಾಗಿಕೊಂಡು ಹೋಗುತ್ತವೆ. ಧಾಟಿ ನಾಲ್ಕೈದು ಸ್ವರದೊಳಗೇ ಸುತ್ತುತ್ತದೆ. ಸಿನಿಕ್ಕಾ ಇವನ್ನು ಹಳೆಯ ಸಂಗ್ರಹಗಳಿಂದ ಹುಡುಕಿ ತೆಗೆದು, ಓದಿ, ಮತ್ತೆ ಬಾಯಿಗೆ ತಂದುಕೊಂಡರು. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರ ಓದಿದವರು, ಆದ್ದರಿಂದ ಹುಡುಕುವ ಕ್ರಮ ಗೊತ್ತಿತ್ತು. ಅವರ ಹಾಡಿನ ಒಂದು ಬೇರು ಇದು. ಇನ್ನೊಂದು ಬೇರು ನಾರ್ವೆಯ ಹಳೆಯ ಲಾವಣಿಗಳು ಮತ್ತು ಹಳ್ಳಿ ಚರ್ಚಿನ ಕೀರ್ತನೆಗಳು.

ಪ್ರಶ್ನೆ: ಅವರು ನುಡಿಸುವ ಕಾಂಟೆಲೆ ನಮ್ಮ ವೀಣೆಯ ಥರದ್ದಾ? (ಮೈಸೂರಿನ ವೀಣೆ ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ, ಸ್ವರಮಂಡಲಕ್ಕೆ ಹತ್ತಿರ. ಮೆಟ್ಟಿಲಿಲ್ಲ, ತಂತಿ ಒತ್ತಿ ಗಮಕ ತೆಗೆಯುವ ಮಾತೇ ಇಲ್ಲ. ಒಂದು ಚಪ್ಪಟೆ ಮರದ ಪೆಟ್ಟಿಗೆ, ಮೇಲೆ ಸಾಲಾಗಿ ತಂತಿ, ಒಂದೊಂದು ತಂತಿಗೆ ಒಂದೊಂದು ಸ್ವರ. ಹಳೆಯ ಕಾಂಟೆಲೆಗೆ ಐದೇ ತಂತಿ. ಫಿನ್ನರ ಮಹಾಕಾವ್ಯ ಕಾಲೆವಾಲದಲ್ಲಿ ಮುದುಕ ವೈನಮೊಯ್ನೆನ್ ದೊಡ್ಡ ಪೈಕ್ ಮೀನಿನ ದವಡೆ ಮೂಳೆಯಿಂದ ಮೊದಲ ಕಾಂಟೆಲೆ ಮಾಡುತ್ತಾನೆ. ಅವನು ನುಡಿಸಿದಾಗ ಕೇಳಿದವರೆಲ್ಲ ಅತ್ತರಂತೆ, ಅವನೂ ಅತ್ತನಂತೆ.

ಸಿನಿಕ್ಕಾ ನುಡಿಸುವುದು 39 ತಂತಿಯ ಕಛೇರಿ ಕಾಂಟೆಲೆ. 1920ರ ದಶಕದಲ್ಲಿ ಫಿನ್ಲೆಂಡಿನ ಪೌಲ್ ಸಾಲ್ಮಿನೆನ್ ಎಂಬವರು ಇದಕ್ಕೆ ಪಕ್ಕದಲ್ಲಿ ಸಣ್ಣ ಸನ್ನೆಕೋಲುಗಳನ್ನು ಜೋಡಿಸಿದರು. ಸನ್ನೆ ತಿರುಗಿಸಿದರೆ ಒಂದು ಹೆಸರಿನ ಸ್ವರಗಳೆಲ್ಲ ಒಟ್ಟಿಗೆ ಅರ್ಧ ಸ್ವರ ಏರುತ್ತವೆ ಅಥವಾ ಇಳಿಯುತ್ತವೆ. ಹಾಗಾಗಿ ಹಾಡಿನ ಮಧ್ಯೆಯೇ ಶ್ರುತಿಮೇಳ ಬದಲಿಸಬಹುದು. ಸಿನಿಕ್ಕಾ ಇದನ್ನು ಕೈಗೆತ್ತಿಕೊಂಡಿದ್ದು 1981ರಲ್ಲಿ, 20ರ ವಯಸ್ಸಿನಲ್ಲಿ. ನೀವು ವೀಣೆಯವರು ಗಮನಿಸಬೇಕಾದ್ದು ಏನಂದ್ರೆ, ಇಲ್ಲಿ ಕಷ್ಟ ಇರುವುದು ಮೀಟುವುದರಲ್ಲಿ ಅಷ್ಟಿಲ್ಲ, ನಿಲ್ಲಿಸುವುದರಲ್ಲಿ. ಮೀಟಿದ ತಂತಿ ಗಂಟೆ ಹೊಡೆದ ಹಾಗೆ ಮೊಳಗುತ್ತಾ ಇರುತ್ತದೆ, ಹಿಂದಿನ ಸ್ವರದ ಮೇಲೆ ಮುಂದಿನದು ಬಂದು ಕೂರುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಅಂಗೈಯ ಅಂಚಿನಿಂದ ಮೆಲ್ಲಗೆ ಮುಚ್ಚಬೇಕು ಅನ್ನುವುದೇ ಆ ವಾದ್ಯದ ವಿದ್ಯೆ. ಅವರು ಹಾಡುವಾಗ ಇದೇ ತಂಬೂರಿ, ಇದೇ ಪಕ್ಕವಾದ್ಯ, ಕೆಲವು ಕಡೆ ಇದೇ ತಾಳ.

ಪ್ರಶ್ನೆ: ಶಾಸ್ತ್ರೀಯ ಮತ್ತು ಜನಪದ ಬೆರೆಸುತ್ತೇವೆ ಅಂದ ಕೂಡಲೇ ನನಗೆ ಎದೆ ಢವಢವ ಅನ್ನುತ್ತೆ. ಎರಡೂ ಕೆಡುತ್ತವೆ. ಈಯಮ್ಮ ಏನು ಬೇರೆ ಮಾಡಿದ್ದಾರೆ ಹೇಳಿ ನೋಡೋಣ. (ಧಾರವಾಡದ ಓದುಗರು)

ಉತ್ತರ: ನಿಮ್ಮ ಭಯ ನನಗೂ ಇದೆ ಸಾರ್. ಹಳ್ಳಿ ಪದವೊಂದನ್ನು ತಂದು, ಹಿಂದೆ ಇಪ್ಪತ್ತು ಪಿಟೀಲು ನಿಲ್ಲಿಸಿ, ಹಾಡುವವರ ಗಂಟಲನ್ನು ನಯ ಮಾಡಿಸಿ ಬಿಟ್ಟರೆ ಆಯ್ತು ಅಂದುಕೊಂಡವರು ಎಲ್ಲ ದೇಶದಲ್ಲೂ ಇದ್ದಾರೆ. ಇವರ ವಿಷಯದಲ್ಲಿ 2009ರಲ್ಲಿ ಬಂದ 'ಮರಿಯಾಸ್ ಸಾಂಗ್' ಆಲ್ಬಂ ತೆಗೆದುಕೊಂಡು ಮಾತಾಡೋಣ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲಿದೆ.

ಧ್ವನಿಮುದ್ರಣ ನಡೆದದ್ದು ಟ್ರೊಂಡ್‌ಹೈಮ್ ನಗರದ ನಿಡಾರೊಸ್ ಮಹಾಚರ್ಚಿನಲ್ಲಿ. ಸಂತ ಊಲಾವನ ಸಮಾಧಿ ಇದ್ದ ಜಾಗದ ಮೇಲೆ ಎದ್ದ ಕಟ್ಟಡ ಅದು, ಮಧ್ಯಯುಗದಲ್ಲಿ ಉತ್ತರ ಯುರೋಪಿನವರಿಗೆಲ್ಲ ದೊಡ್ಡ ಯಾತ್ರಾಸ್ಥಳ. ಕಲಾವಿದರು ಮೂರೇ ಜನ. ಸಿನಿಕ್ಕಾ ಅವರ ದನಿ ಮತ್ತು ಕಾಂಟೆಲೆ, ಲಾರ್ಸ್ ಆಂಡರ್ಸ್ ಟೊಮ್ಟರ್ ಅವರ ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ), ಕೋರೆ ನೂರ್ಡ್‌ಸ್ಟೂಗಾ ಅವರ ಆರ್ಗನ್. ಒಂದು ಕಡೆ ಬಾಖ್: ಒಂಟಿ ಚೆಲ್ಲೋಗೆ ಬರೆದ ಸೂಟ್‌ನ, ಅಂದ್ರೆ ಕುಣಿತದ ಮಟ್ಟುಗಳ ಮಾಲೆಯ, ಭಾಗಗಳು ವಿಯೋಲಾದಲ್ಲಿ, ಜೊತೆಗೆ ಆರ್ಗನ್ ಕೃತಿಗಳು. ಇನ್ನೊಂದು ಕಡೆ ನಾರ್ವೆಯ ಧಾರ್ಮಿಕ ಜನಪದ ಧಾಟಿಗಳು, ಅವುಗಳ ಮೇಲೆ ಮೇರಿಯಮ್ಮನ ಕುರಿತ ಸಾಹಿತ್ಯ.

ಈಗ ಮೇರಿಯಮ್ಮ ಯಾಕೆ ಅಂತ ನೋಡಿ. ನಾರ್ವೆ ಮೊದಲು ಕ್ಯಾಥೊಲಿಕ್ ದೇಶ. 1537ರಲ್ಲಿ ಡೆನ್ಮಾರ್ಕಿನ ರಾಜ ಲೂಥರನ ಪ್ರಾಟೆಸ್ಟಂಟ್ ಮತವನ್ನು ಮೇಲಿನಿಂದ ಹೇರಿದ. ಸಂತರು ಹೋದರು, ಯಾತ್ರೆ ಹೋಯಿತು, ಮೇರಿಯಮ್ಮನ ಹಾಡೂ ಚರ್ಚಿನಿಂದ ಹೊರಬಿತ್ತು. ಒಂದೊಂದು ಕಡೆ ಮಂತ್ರದಲ್ಲಿ, ಲಾವಣಿಯ ಸಾಲಿನಲ್ಲಿ ಚೂರುಪಾರು ಉಳಿದುಕೊಂಡಿತು ಅಷ್ಟೆ. ಸಿನಿಕ್ಕಾ ಆ ಚೂರುಗಳನ್ನು ಹೆಕ್ಕಿದರು, ಬೈಬಲಿನ ಲೂಕನ ಸುವಾರ್ತೆಯಲ್ಲಿ ಮೇರಿ ಬರುವ ವಚನಗಳನ್ನು ತೆಗೆದುಕೊಂಡರು, ಹಳೆಯ ಧಾಟಿಗಳಿಗೆ ಅವನ್ನು ಕೂಡಿಸಿದರು. ಇಲ್ಲಿ ಅವರು ಗಾಯಕಿಯೂ ಹೌದು, ಸಂಯೋಜಕಿಯೂ ಹೌದು. ಎಲ್ಲಿ ಸಂಗ್ರಹ ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಅಂತ ಕಿವಿಗೆ ಗೊತ್ತಾಗುವುದೇ ಇಲ್ಲ.

ಇನ್ನು ಬಾಖ್ ಯಾಕೆ? ಇದು ನನಗೆ ತುಂಬಾ ಹಿಡಿಸಿದ ವಿಷಯ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಬಾಖ್ ಕೂಡ ಲೂಥರನ್. ಅವನ ಆರ್ಗನ್ ಕೃತಿಗಳಲ್ಲಿ ಎಷ್ಟೋ ಕೃತಿಗಳ ಒಳಗೆ ಜರ್ಮನಿಯ ಸಾಮಾನ್ಯ ಜನ ಚರ್ಚಿನಲ್ಲಿ ಹಾಡುತ್ತಿದ್ದ ಕೀರ್ತನೆಯ ಧಾಟಿ ಇದೆ. ಅಂಥವೇ ಕೀರ್ತನೆಗಳು ಡೇನಿಶ್ ಪುಸ್ತಕಗಳ ಮೂಲಕ ನಾರ್ವೆಗೂ ಬಂದವು, 1699ರ ಥಾಮಸ್ ಕಿಂಗೊ ಅವರ ಕೀರ್ತನೆ ಪುಸ್ತಕ ಅವುಗಳಲ್ಲಿ ಪ್ರಸಿದ್ಧ. ಆದರೆ ನಾರ್ವೆಯ ಕಣಿವೆಗಳ ಚರ್ಚುಗಳಲ್ಲಿ ಆರ್ಗನ್ ಎಲ್ಲಿತ್ತು? ಎಷ್ಟೋ ಕಡೆ 19ನೇ ಶತಮಾನದ ತನಕ ಇರಲಿಲ್ಲ. ಕ್ಲೊಕ್ಕರ್ ಅನ್ನುವ ಚರ್ಚಿನ ಸೇವಕ ನಿಂತು ಎತ್ತಿಕೊಡುತ್ತಿದ್ದ, ಜನ ಹಿಂದೆ ಹಾಡುತ್ತಿದ್ದರು. ನಿಧಾನಕ್ಕೆ, ತುಂಬಾ ನಿಧಾನಕ್ಕೆ. ಆ ನಿಧಾನದಲ್ಲಿ ಪ್ರತಿಯೊಬ್ಬರೂ ಸ್ವರಕ್ಕೆ ಸುರುಳಿ ಹಾಕುತ್ತಾ, ನಡುವೆ ಜಾರುತ್ತಾ, ತಮಗೆ ಬೇಕಾದ ಹಾಗೆ ಬಳಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ನೂಲು ತೆಗೆಯುವಾಗಲೂ ಅದೇ ಹಾಡು. ಹೀಗೆ ನೂರೈವತ್ತು ಇನ್ನೂರು ವರ್ಷದಲ್ಲಿ ಆ ಧಾಟಿಗಳು ಪೂರ್ತಿ ಹಳ್ಳಿಯ ಸ್ವತ್ತಾದವು.

ಅಂದ್ರೆ ಒಂದೇ ಮೂಲದ ಹಾಡು ಜರ್ಮನಿಯಲ್ಲಿ ಬಾಖ್ ಕೈಗೆ ಸಿಕ್ಕಿ ನಾಲ್ಕು ದನಿಯ ಕಟ್ಟಡ ಆಯಿತು, ನಾರ್ವೆಯ ಕಣಿವೆಯಲ್ಲಿ ಒಂಟಿ ದನಿಯ ಸುರುಳಿ ಆಯಿತು. ಇವು ದೂರದ ನೆಂಟರು. ಸಿನಿಕ್ಕಾ ಇಬ್ಬರನ್ನೂ ಒಂದೇ ಮಾಡಿನಡಿ ಕೂರಿಸಿದರು. ಬಾಖ್ ಬರುವಾಗ ಬಾಖ್ ಆಗಿಯೇ ಬರುತ್ತಾನೆ. ಹಾಡು ಬಂದಾಗ ಗಂಟಲು ಒಪೆರಾದ ಕಡೆ ವಾಲುವುದಿಲ್ಲ, ನೇರವಾದ, ಸ್ವಲ್ಪ ಒರಟಾದ, ಕಂಪನ ಕಮ್ಮಿ ಇರುವ ದನಿ. ಯಾರೂ ಯಾರಿಗೋಸ್ಕರ ಬಗ್ಗುವುದಿಲ್ಲ. ನನ್ನ ಮಟ್ಟಿಗೆ ಬೆರಕೆ ಒಗ್ಗಬೇಕಾದರೆ ಇಷ್ಟು ಬೇಕೇ ಬೇಕು, ಎರಡೂ ಕಡೆಯ ವ್ಯಾಕರಣ ಗೊತ್ತಿರಬೇಕು, ಗೊತ್ತಿದ್ದೂ ಕೈ ತಡೆದುಕೊಳ್ಳಬೇಕು.

ಪ್ರಶ್ನೆ: ನಾನು ಕೀಬೋರ್ಡ್ ನುಡಿಸುತ್ತೇನೆ. ನಾರ್ವೆಯ ಹಳೆಯ ಹಾಡೊಂದನ್ನು ನುಡಿಸಲು ಹೋದರೆ ಏನೋ ಸಪ್ಪೆ. ಸ್ವರ ಎಲ್ಲ ಸರಿಯಾಗೇ ಇದೆಯಲ್ವಾ? (ಬೆಂಗಳೂರಿನ ಓದುಗರು)

ಉತ್ತರ: ಸ್ವರ ಸರಿ ಇರುವುದೇ ತೊಂದರೆ! ನಿಮ್ಮ ಕೀಬೋರ್ಡ್ ಅಷ್ಟಕವನ್ನು, ಅಂದ್ರೆ ಒಂದು ಸ ದಿಂದ ಮೇಲಿನ ಸ ತನಕದ ಹರವನ್ನು, 12 ಸಮಪಾಲು ಮಾಡಿದೆ. ಅಲ್ಲಿನ ಹಳೆಯ ಹಾಡುಗಾರರ ಗಾಂಧಾರ ಸಾಧಾರಣವೂ (ಕೆಳಗಿನದು) ಅಲ್ಲ, ಅಂತರವೂ (ಮೇಲಿನದು) ಅಲ್ಲ, ಎಷ್ಟೋ ಸಲ ಮಧ್ಯದಲ್ಲಿ ಎಲ್ಲೋ ನಿಲ್ಲುತ್ತದೆ. ಮಧ್ಯಮವೂ ಹಾಗೇ, ಶುದ್ಧಕ್ಕಿಂತ ಮೇಲೆ, ಪ್ರತಿಗಿಂತ ಕೆಳಗೆ.

ಇದಕ್ಕೆ ಒಂದು ಕಾರಣವನ್ನು ವಸಂತಕಾಲದಲ್ಲಿ ಹುಡುಗರು ಮಾಡುವ ಸೆಲ್ಯೆಫ್ಲಯ್ಟೆ ಅನ್ನುವ ಕೊಳಲಿನಲ್ಲಿ ನೋಡಬಹುದು. ಚಳಿಗಾಲ ಕಳೆದು ಮರದಲ್ಲಿ ರಸ ಏರುವಾಗ ವಿಲೋ ಮರದ ಒಂದು ನೇರ ಕೊಂಬೆ ಕಡಿಯುತ್ತಾರೆ. ಚಾಕುವಿನ ಹಿಡಿಯಿಂದ ಸುತ್ತಲೂ ಮೆಲ್ಲಗೆ ಬಡಿದು ತಿರುಚಿದರೆ ತೊಗಟೆ ಪೂರ್ತಿ ನಳಿಗೆಯಾಗಿ ಜಾರಿ ಬರುತ್ತದೆ. ಆ ನಳಿಗೆಗೆ ಊದುವ ಕಡೆ ಒಂದು ಮರದ ಬಿರಡೆ, ಒಂದು ಕಿಂಡಿ. ಬೆರಳಿಡುವ ತೂತೇ ಇಲ್ಲ. ಊದುವ ಜೋರು ಹೆಚ್ಚುಕಮ್ಮಿ ಮಾಡುವುದು, ತುದಿಯನ್ನು ಬೆರಳಿನಿಂದ ಮುಚ್ಚುವುದು, ತೆರೆಯುವುದು, ಅಷ್ಟರಲ್ಲೇ ಸ್ವರ ಬರಬೇಕು. ಬರುವುದೆಲ್ಲ ಸಹಜ ಉಪಸ್ವರಗಳು, ಅಂದ್ರೆ ಆಧಾರ ಸ್ವರದ ಕಂಪನದ ಎರಡರಷ್ಟು, ಮೂರರಷ್ಟು, ಹೀಗೆ ಮೇಲೇರುವ ಸ್ವರಗಳು. ಅವುಗಳಲ್ಲಿ 11ನೆಯದು ಸರಿಯಾಗಿ ಎರಡು ಮಧ್ಯಮಗಳ ನಡುವೆ ಬೀಳುತ್ತದೆ. ತೊಗಟೆ ಒಣಗಿದರೆ ಕೊಳಲಿನ ಕಥೆ ಮುಗಿಯಿತು. ಆದರೆ ಆ ಸ್ವರ ಕಿವಿಯಲ್ಲಿ ಉಳಿಯುತ್ತದೆ.

ನಾರ್ವೆಯ ಟೆಲೆಮಾರ್ಕ್ ಸೀಮೆಯ ಸಂಯೋಜಕ ಐವಿಂಡ್ ಗ್ರೂವೆನ್ 1927ರಲ್ಲೇ ಈ ಕೊಳಲಿನ ಸ್ವರಶ್ರೇಣಿ ಬಗ್ಗೆ ಬರೆದರು. ಬರೆದು ಸುಮ್ಮನಾಗಲಿಲ್ಲ, ಅಷ್ಟಕಕ್ಕೆ 36 ಸ್ವರ ಇರುವ ಆರ್ಗನ್ ಮಾಡಿದರು. ನುಡಿಸುವವರಿಗೆ ಕಾಣುವುದು ಕೀಬೋರ್ಡಿನ ಮಾಮೂಲಿ ಮನೆಗಳೇ, ಒಳಗೆ ಟೆಲಿಫೋನಿನ ರಿಲೇಗಳು ಸಂದರ್ಭ ನೋಡಿ ಸರಿಯಾದ ಶ್ರುತಿ ಆರಿಸುತ್ತವೆ. ಹಾರ್ಮೋನಿಯಂ ನಮ್ಮ ಶ್ರುತಿಗೆ ಒಗ್ಗಲ್ಲ ಅಂತ ಆಕಾಶವಾಣಿ 1940ರಿಂದ 1971ರ ತನಕ ಅದನ್ನು ದೂರ ಇಟ್ಟಿದ್ದು ನೆನಪಿದೆಯಲ್ಲ, ಜಗಳ ಅಲ್ಲೂ ಇದೇ ಜಾತಿಯದು. ನಿಮಗೆ ನನ್ನ ಸಲಹೆ: ಸ್ವರ ಬಗ್ಗಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿ ಒದ್ದಾಡಬೇಡಿ. ಹಾಡಿಕೊಳ್ಳಿ, ಕೀಬೋರ್ಡಿನಲ್ಲಿ ಆಧಾರ ಶ್ರುತಿ ಮಾತ್ರ ಹಿಡಿಯಿರಿ.

ಪ್ರಶ್ನೆ: ಇದೆಲ್ಲ ಗ್ರೀಗ್ ಆವತ್ತೇ ಮಾಡಿ ಮುಗಿಸಿಲ್ಲವೇ? (ಉಡುಪಿಯ ಓದುಗರು)

ಉತ್ತರ: ಮಾಡಿದ್ದಾರೆ, ಮುಗಿಸಿಲ್ಲ. ನಾರ್ವೆಯ ಹೆಸರಾಂತ ಸಂಯೋಜಕ ಎಡ್ವರ್ಡ್ ಗ್ರೀಗ್ ಹುಟ್ಟಿದ್ದು 1843ರಲ್ಲಿ, ಬರ್ಗನ್ ಪೇಟೆಯ ವ್ಯಾಪಾರಿ ಮನೆತನದಲ್ಲಿ. ಹಳ್ಳಿ ಹಾಡು ಅವರಿಗೆ ಮೊದಲು ಸಿಕ್ಕಿದ್ದು ಹೆಚ್ಚಾಗಿ ಪುಸ್ತಕದಿಂದ. ಲುಡ್ವಿಗ್ ಮಥಿಯಾಸ್ ಲಿಂಡೆಮನ್ ಎಂಬ ಆರ್ಗನ್ ವಾದಕರು ಬೆಟ್ಟದ ಊರುಗಳನ್ನು ಸುತ್ತಿ ಹಾಡುಗಳನ್ನು ಬರೆದುಕೊಂಡು, 1853ರಿಂದ ಪಿಯಾನೋಗೆ ಅಳವಡಿಸಿ ಅಚ್ಚು ಹಾಕಿಸುತ್ತಾ ಬಂದಿದ್ದರು. ಆಗಲೇ ಹೇಳಿದೆನಲ್ಲ, ಆ ನಡುವಿನ ಸ್ವರಗಳು, ಸುರುಳಿಗಳು ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಯ ಮೇಲೆ ಕೂರುವುದಿಲ್ಲ. ಬರೆದಾಗಲೇ ಅರ್ಧ ಉದುರಿಹೋಗಿತ್ತು.

ಆದರೂ ಗ್ರೀಗ್ ಕೊನೆಗಾಲದಲ್ಲಿ ಮಾಡಿದ ಒಂದು ಕೆಲಸಕ್ಕೆ ನಾನು ಟೋಪಿ ತೆಗೆಯುತ್ತೇನೆ. ಟೆಲೆಮಾರ್ಕಿನ ತಿನ್ ಎಂಬಲ್ಲಿ ಕ್ನೂತ್ ದಾಲೆ ಅಂತ ಒಬ್ಬ ವಯಸ್ಸಾದ ಹಾರ್ಡಾಂಗರ್ ಪಿಟೀಲುಗಾರ ಇದ್ದರು. ಹಳೆಯ ಕಾಲದ ದೊಡ್ಡ ವಾದಕರಿಂದ ಕಲಿತ ಕುಣಿತದ ಮಟ್ಟುಗಳು ಅವರ ಕೈಯಲ್ಲಿದ್ದವು. ನಾನು ಹೋದರೆ ಇವೂ ಹೋಗುತ್ತವೆ, ಯಾರಾದರೂ ಬರೆದಿಡಿ ಅಂತ ಗ್ರೀಗ್‌ಗೆ ಕಾಗದ ಬರೆದರು. ಒಂದು ಸಲ ಬರೆದರು, ಏನೂ ಆಗಲಿಲ್ಲ. ವರ್ಷಗಳು ಕಳೆದ ಮೇಲೆ ಮತ್ತೆ ಬರೆದರು. ಕೊನೆಗೆ 1901ರಲ್ಲಿ ಅವರನ್ನು ರಾಜಧಾನಿಗೆ ಕರೆಸಿ, ಪಿಟೀಲು ಬಲ್ಲ ಸಂಯೋಜಕ ಯೊಹಾನ್ ಹಾಲ್ವೊರ್ಸನ್ ಎದುರಿಗೆ ಕೂತು ಒಂದೊಂದೇ ಮಟ್ಟು ಬರೆದುಕೊಂಡರು. ಗ್ರೀಗ್ ಅವುಗಳಲ್ಲಿ 17 ಮಟ್ಟುಗಳನ್ನು ಪಿಯಾನೋಗೆ ತಂದರು. 1903ರಲ್ಲಿ ಅಚ್ಚಾಯಿತು, ಹಾಲ್ವೊರ್ಸನ್ ಬರೆದುಕೊಂಡ ಪಿಟೀಲಿನ ಪಾಠವೂ ಪ್ರಕಟವಾಯಿತು. ಇದು ಬಹಳ ದೊಡ್ಡ ಮಾತು. ಅಸಲು ಏನಿತ್ತು, ನಾನು ಏನು ಮಾಡಿದೆ, ನೀವೇ ನೋಡಿಕೊಳ್ಳಿ ಅಂದ ಹಾಗೆ.

ಆ ಪಿಟೀಲಿನ ಬಗ್ಗೆಯೂ ಒಂದು ಮಾತು. ನುಡಿಸುವ ತಂತಿ ನಾಲ್ಕು, ಅವುಗಳ ಕೆಳಗೆ ಇನ್ನೂ ನಾಲ್ಕೈದು ತಂತಿ. ಅವನ್ನು ಯಾರೂ ಮುಟ್ಟುವುದಿಲ್ಲ, ನಮ್ಮ ಸಿತಾರ್, ಸಾರಂಗಿಗಳ ತರಫ್ ತಂತಿಯಂತೆ ತಾವಾಗಿ ಅನುರಣಿಸುತ್ತವೆ. ಹಾಗೆ ಝೇಂಕರಿಸುವ ವಾದ್ಯದ ಮಟ್ಟುಗಳನ್ನು ಪಿಯಾನೋದ ಮೇಲೆ ತರಬೇಕಾದಾಗ ಗ್ರೀಗ್ ಸ್ವರಗಳನ್ನು ಒಂದರ ಮೇಲೊಂದು ಗುದ್ದಾಡಿಸಿದರು. ಆ ಕಾಲದ ಎಷ್ಟೋ ಜನಕ್ಕೆ ಅದು ಕರ್ಕಶ ಅನಿಸಿತು. ಆಮೇಲೆ ಬಂದವರಿಗೆ ಅದೇ ದಾರಿ ತೋರಿಸಿತು.

ಸಿನಿಕ್ಕಾಗೂ ಗ್ರೀಗ್‌ಗೂ ವ್ಯತ್ಯಾಸ ಇಷ್ಟೇ: ಗ್ರೀಗ್ ಪೇಟೆಯಿಂದ ಬೆಟ್ಟದ ಕಡೆ ಹೋದವರು, ಇವರು ಕಾಡಿನ ಅಂಚಿನಿಂದ ಮಹಾಚರ್ಚಿನ ಕಡೆ ಬಂದವರು. ಮತ್ತು ಇವರು ಹಾಡುತ್ತಾರೆ. ಹಾಡುವವರೇ ಸಂಯೋಜನೆ ಮಾಡಿದಾಗ ನಡುವಿನ ಸ್ವರವನ್ನು ಬರೆಯುವುದು ಹೇಗೆ ಅನ್ನುವ ತಲೆನೋವೇ ಇಲ್ಲ, ಬಾಯಲ್ಲಿದೆಯಲ್ಲ.

ಪ್ರಶ್ನೆ: ಅವರ ಸಂಗೀತದಲ್ಲಿ ತಾಳ ಇದೆಯಾ? ನನಗಂತೂ ಲೆಕ್ಕ ಸಿಗಲಿಲ್ಲ. (ತುಮಕೂರಿನ ಮೃದಂಗ ವಿದ್ಯಾರ್ಥಿ)

ಉತ್ತರ: ರೂನ್ ಹಾಡು, ಕೀರ್ತನೆ ಎರಡರಲ್ಲೂ ಮಾತಿನ ಉಸಿರೇ ಲೆಕ್ಕ. ಕುಣಿತದ ಮಟ್ಟುಗಳಲ್ಲಿ ತಾಳ ಖಂಡಿತ ಇದೆ, ಆದರೆ ಕಿಲಾಡಿ ತಾಳ. ಸ್ಪ್ರಿಂಗಾರ್ ಎಂಬ ಕುಣಿತಕ್ಕೆ ಮೂರು ಪೆಟ್ಟು, ಮೂರೂ ಸಮ ಇಲ್ಲ. ಟೆಲೆಮಾರ್ಕಿನಲ್ಲಿ ಮೊದಲನೆಯದು ಉದ್ದ, ಎರಡನೆಯದು ಮಧ್ಯಮ, ಮೂರನೆಯದು ಗಿಡ್ಡ. ವಾಲ್ಡ್ರೆಸ್ ಕಣಿವೆಯಲ್ಲಿ ಗಿಡ್ಡ, ಉದ್ದ, ಮಧ್ಯಮ. ಎಷ್ಟು ಉದ್ದ, ಎಷ್ಟು ಗಿಡ್ಡ ಅಂತ ಅಕ್ಷರದಲ್ಲಿ ಹೇಳಲು ಹೋಗಬೇಡಿ. ಪಿಟೀಲುಗಾರರ ಪಾದ ನೋಡಿ, ನೆಲಕ್ಕೆ ತಟ್ಟುತ್ತಾ ಇರುತ್ತದೆ, ಅದೇ ನಿಮ್ಮ ಮೃದಂಗ.

ಪ್ರಶ್ನೆ: ಯೊಯಿಕ್ ಅಂತ ಕೇಳಿದ್ದೇನೆ, ಅದೂ ನಾರ್ವೆಯ ಜನಪದವೇ ಅಲ್ವಾ? (ಮಂಗಳೂರಿನ ಓದುಗರು)

ಉತ್ತರ: ನಾರ್ವೆಯ ಒಳಗಿದೆ, ಆದರೆ ಅದು ಉತ್ತರದ ಸಾಮಿ ಜನರ ಸಾಂಪ್ರದಾಯಿಕ ಹಾಡುಗಾರಿಕೆ. ಅವರ ಭಾಷೆ ಬೇರೆ, ಚರಿತ್ರೆ ಬೇರೆ. ಪಾದ್ರಿಗಳು ಅದನ್ನು ಪಾಪ ಅಂತ ಹೇಳಿ ತುಳಿದರು, ಶಾಲೆಗಳಲ್ಲಿ ಅವರ ಭಾಷೆಯನ್ನೂ ತುಳಿದರು. ನಾರ್ವೆ ಜನಪದ ಅನ್ನುವ ಒಂದೇ ಡಬ್ಬಕ್ಕೆ ಅದನ್ನೂ ತುಂಬಿದರೆ ಸಾಮಿಗಳು ಒಪ್ಪುವುದಿಲ್ಲ, ಒಪ್ಪಬೇಕಾಗೂ ಇಲ್ಲ. ಸಾಮಿ ಗಾಯಕಿ ಮರಿ ಬೊಯ್ನೆ ಅವರ 1989ರ 'ಗುಲಾ ಗುಲಾ' ಕೇಳಿ, ಉಳಿದದ್ದು ಅದೇ ಹೇಳುತ್ತೆ.

ಪ್ರಶ್ನೆ: ಹಾಡುಗಳ ಸಾಹಿತ್ಯ ಯಾರದು? ಭಾಷೆ ಬಾರದೆ ಕೇಳಿ ಏನು ಪ್ರಯೋಜನ? (ಹಾಸನದ ಓದುಗರು)

ಉತ್ತರ: ತ್ಯಾಗರಾಜರ ಕೃತಿ ಕೇಳುವ ಎಲ್ಲ ಕನ್ನಡಿಗರಿಗೂ ತೆಲುಗು ಬರುತ್ತಾ? ಆದರೂ ಪ್ರಶ್ನೆ ಒಳ್ಳೆಯದು, ಯಾಕಂದ್ರೆ ಇವರು ಆರಿಸಿಕೊಂಡ ಕವಿಗಳೇ ಒಂದು ಕಥೆ.

2007ರ 'ಸ್ಟಾರ್‌ಫ್ಲವರ್ಸ್' ಆಲ್ಬಂನಲ್ಲಿ ಹಾನ್ಸ್ ಬೊರ್ಲಿ ಅವರ ಕವಿತೆಗಳು. ಬೊರ್ಲಿ ಸಿನಿಕ್ಕಾ ಅವರ ಸೀಮೆಯವರೇ, 1918ರಲ್ಲಿ ಹುಟ್ಟಿದವರು, ಕಸುಬು ಮರ ಕಡಿಯುವುದು. ಹಗಲು ಕೊಡಲಿ, ಗರಗಸ. ಉಳಿದ ಹೊತ್ತಿನಲ್ಲಿ ಕವಿತೆ. ಕವಿಯಾಗಿ ಹೆಸರು ಬಂದ ಮೇಲೂ ಕಾಡಿನ ಕೆಲಸ ಬಿಡಲಿಲ್ಲ. ಈ ಆಲ್ಬಂನಲ್ಲಿ ಸಿನಿಕ್ಕಾ ಜೊತೆ ಆರ್ವೆ ಹೆನ್ರಿಕ್ಸನ್ ಅವರ ಟ್ರಂಪೆಟ್, ಟ್ರಿಗ್ವೆ ಸೈಮ್ ಅವರ ಸ್ಯಾಕ್ಸೊಫೋನ್ ಇದೆ, ಇಬ್ಬರೂ ಜಾಝ್‌ನವರು. ಹೆನ್ರಿಕ್ಸನ್ ಟ್ರಂಪೆಟ್ ಊದಿದರೆ ಎಷ್ಟೋ ಸಲ ಕೊಳಲಿನ ಥರ ಕೇಳಿಸುತ್ತೆ, ಬಾಯಿಯ ಗಾಳಿಯೂ ಸೇರಿ. 2011ರ ಆಲ್ಬಂಗೆ ಫಿನ್ಲೆಂಡಿನ ಎಡಿತ್ ಸೊಡರ್‌ಗ್ರಾನ್ ಮತ್ತು ನಾರ್ವೆಯ ಊಲಾವ್ ಹೌಗೆ. ಹೌಗೆ ಹಾರ್ಡಾಂಗರ್ ಸೀಮೆಯಲ್ಲಿ ಸೇಬಿನ ತೋಟ ಮಾಡಿಕೊಂಡಿದ್ದ ಕವಿ. 2023ರ 'ವಿಂಡ್ ಅಂಡ್ ಸನ್' ಪೂರ್ತಿ ಯೊನ್ ಫೊಸ್ಸೆ ಅವರ ಕವಿತೆಗಳದ್ದು, ಅದೇ ವರ್ಷ ಫೊಸ್ಸೆಗೆ ಸಾಹಿತ್ಯದ ನೊಬೆಲ್ ಬಂತು.

ಎಲ್ಲವೂ ಒಂದೇ ಮಟ್ಟದ್ದು ಅಂತ ನಾನು ಹೇಳಲ್ಲ. 2016ರ 'ದ ಮ್ಯಾಜಿಕಲ್ ಫಾರೆಸ್ಟ್'ನಲ್ಲಿ ಟ್ರಿಯೊ ಮೀಡಿಯೆವಲ್ ತಂಡದ ಮೂವರು ಗಾಯಕಿಯರು ಜೊತೆಗೂಡುತ್ತಾರೆ. ಅವರ ದನಿ ಸ್ಫಟಿಕದಷ್ಟು ಶುದ್ಧ. ಜನ ತುಂಬಾ ಮೆಚ್ಚಿದರು. ನನಗೆ ಮಾತ್ರ ಆ ಶುದ್ಧದ ನಡುವೆ ಸಿನಿಕ್ಕಾ ಅವರ ಮಣ್ಣಿನ ದನಿ ಸ್ವಲ್ಪ ಹಿಂದೆ ಸರಿದ ಹಾಗೆ ಅನಿಸಿತು. ಆಮೇಲೆ 2021ರಲ್ಲಿ ಒಬ್ಬರೇ ಕೂತು ಕಾಂಟೆಲೆ ಮೀಟುತ್ತಾ ಹಾಡಿದ 'ವುಲ್ಫ್ ರೂನ್' ಬಂತು. ನನ್ನ ಓಟು ಅದಕ್ಕೆ.

ಪ್ರಶ್ನೆ: ನಾರ್ವೆಯವರು ನಮ್ಮ ಸಂಗೀತಗಾರರ ಜೊತೆ ನುಡಿಸಿದ್ದು ಇದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಇದೆ. ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ 1980ರ ದಶಕದಲ್ಲಿ ಪಿಟೀಲಿನ ಎಲ್. ಶಂಕರ್ ಜೊತೆ, ತಬಲಾದ ಜಾಕಿರ್ ಹುಸೇನ್ ಜೊತೆ ಧ್ವನಿಮುದ್ರಣ ಮಾಡಿದ್ದಾರೆ. ಪಾಕಿಸ್ತಾನದ ಉಸ್ತಾದ್ ಫತೇ ಅಲಿ ಖಾನ್ ಜೊತೆ ಮಾಡಿದ ಆಲ್ಬಂ 1992ರಲ್ಲಿ ಬಂತು. ಅದೇ ಗಾರ್ಬರೆಕ್ 1989ರಲ್ಲಿ ಜನಪದ ಗಾಯಕಿ ಆಗ್ನೆಸ್ ಬೂಯೆನ್ ಗಾರ್ನೋಸ್ ಜೊತೆ ಮಧ್ಯಯುಗದ ಲಾವಣಿಗಳ ಆಲ್ಬಂ ಮಾಡಿದರು, ಹೆಸರು 'ರೂಸೆನ್ಸ್‌ಫೋಲೆ'. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆಲಾಪಕ್ಕೂ ಆ ಲಾವಣಿಗಳಿಗೂ ಸ್ಯಾಕ್ಸೊಫೋನ್ ಹೇಗೆ ಬೇರೆ ಬೇರೆ ರೀತಿ ಜಾಗ ಬಿಡುತ್ತದೆ ಅನ್ನುವುದು ಗೊತ್ತಾಗುತ್ತದೆ.

ಪ್ರಶ್ನೆ: ಕೆಲಸದ ಮೇಲೆ ಓಸ್ಲೋಗೆ ಬಂದಿದ್ದೇನೆ, ಒಂದು ವರ್ಷ ಇರುತ್ತೇನೆ. ಇಂಥದ್ದನ್ನು ಎದುರಿಗೆ ಕೂತು ಕೇಳಲು ಎಲ್ಲಿಗೆ ಹೋಗಲಿ? (ಓಸ್ಲೋದಿಂದ ಕನ್ನಡಿಗರೊಬ್ಬರು)

ಉತ್ತರ: ಅದೃಷ್ಟವಂತರು ನೀವು. ಬೇಸಿಗೆ ಬಿಡಬೇಡಿ. ಪಶ್ಚಿಮದ ಫೊರ್ಡೆ ಊರಿನಲ್ಲಿ ಜುಲೈನಲ್ಲಿ ಜನಪದ ಸಂಗೀತದ ದೊಡ್ಡ ಉತ್ಸವ ನಡೆಯುತ್ತದೆ, ಹೊರದೇಶದ ತಂಡಗಳೂ ಬರುತ್ತವೆ. ಲಾಂಡ್ಸ್‌ಕಾಪ್‌ಲೈಕೆನ್ ಅನ್ನುವುದು ಜನಪದ ಸಂಗೀತದ ರಾಷ್ಟ್ರಮಟ್ಟದ ಸ್ಪರ್ಧೆ. ಅಲ್ಲಿ ವೇದಿಕೆಗಿಂತ ಹೊರಗೆ, ಟೆಂಟುಗಳ ನಡುವೆ ರಾತ್ರಿ ನಡೆಯುವುದೇ ಚೆನ್ನ. ಸಿನಿಕ್ಕಾ ಅವರ ಕಾಡನ್ನೇ ನೋಡಬೇಕಾದರೆ ಗಡಿ ಹತ್ತಿರದ ಸ್ವುಲ್‌ರಿಯಾಕ್ಕೆ ಹೋಗಿ. ಅಲ್ಲಿ ಪ್ರತಿ ಬೇಸಿಗೆ ಫಿನ್‌ಸ್ಕೂಗ್ ಹಬ್ಬ ನಡೆಯುತ್ತದೆ, ಆ ಕೆಲವು ದಿನದ ಮಟ್ಟಿಗೆ ಊರಿನವರು ತಮಾಷೆಗೆ ಸ್ವತಂತ್ರ ಗಣರಾಜ್ಯವನ್ನೇ ಘೋಷಿಸಿಬಿಡುತ್ತಾರೆ. ಸೊಳ್ಳೆ ಜಾಸ್ತಿ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ನೀವು ಬರೆದದ್ದು ಓದಿ ಕಾಂಟೆಲೆ ಬೇಕು ಅಂತ ಹಟ ಹಿಡಿದಿದ್ದಾಳೆ. ಏನು ಮಾಡಲಿ? (ಸಾಗರದ ತಾಯಿಯೊಬ್ಬರು)

ಉತ್ತರ: ಒಂದೇ ಸಾಲು ಬರೆದದ್ದಕ್ಕೆ ಇಷ್ಟು ಫಜೀತಿ ಆಯಿತಲ್ಲ, ಕ್ಷಮೆ ಇರಲಿ ಮೇಡಂ. 39 ತಂತಿಯದು ಈಗ ಬೇಡ, ಮಗುವಿಗಿಂತ ಅದೇ ದೊಡ್ಡದು, ದುಡ್ಡೂ ಜಾಸ್ತಿ. ಐದು ತಂತಿಯದು ಸಾಕು. ಫಿನ್ಲೆಂಡಿನ ಶಾಲೆಗಳಲ್ಲೂ ಮಕ್ಕಳು ಅದರಿಂದಲೇ ಶುರು ಮಾಡುತ್ತಾರೆ. ಶ್ರುತಿ ಸುಲಭ, ಸ ರಿ ಗ ಮ ಪ ಅಷ್ಟೆ. ಗಾಂಧಾರವನ್ನು ಒಂದು ದಿನ ಅಂತರ ಇಡಿ, ಇನ್ನೊಂದು ದಿನ ಸಾಧಾರಣ ಇಡಿ, ಆಮೇಲೆ ಮಗಳಿಗೇ ಶ್ರುತಿ ಮಾಡುವ ಕೀಲಿ ಕೊಟ್ಟು ನಡುವೆ ಎಲ್ಲಾದರೂ ನಿಲ್ಲಿಸು ಅನ್ನಿ. ನಿಮ್ಮೂರಲ್ಲಿ ಕೆತ್ತನೆ ಕೆಲಸದ ಗುಡಿಗಾರರು ಇದ್ದಾರಲ್ಲ, ಅಳತೆ ಬರೆದ ನಕ್ಷೆಯೊಂದನ್ನು ತೋರಿಸಿ ಕೇಳಿ. ಒಳಗೆ ಟೊಳ್ಳು, ಮೇಲೆ ತೆಳುವಾದ ಹಲಗೆ, ಒಂದು ತುದಿಗೆ ಕಬ್ಬಿಣದ ಸಣ್ಣ ಸರಳು, ಇನ್ನೊಂದು ತುದಿಗೆ ಐದು ಬಿರಡೆ. ತಂತಿಗೆ ಗಿಟಾರಿನ ತೆಳು ಉಕ್ಕಿನ ತಂತಿ ನಡೆಯುತ್ತದೆ. ಮಾಡಿಸಿದರೆ ಒಂದು ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.